ಬಲಗಿವಿ ಒಣಗಿದ ವರ್ಷ

ಕಳೆದ ತಿಂಗಳು ಅರಳಸುರಳಿಯಲ್ಲಿ ಅತ್ತೆಯ ತಮ್ಮನ ಮೊಮ್ಮಗುವಿಗೆ ಮೊದಲ ಹುಟ್ಟುಹಬ್ಬ. ಊಟ ಮುಗಿಸಿ ಹೆಂಗಸರೆಲ್ಲ ಜಗಲಿಯಲ್ಲಿ ಕಾಲು ಚಾಚಿಕೊಂಡು ಕೂತಿದ್ದೆವು. ಅಡುಗೆಮನೆಯಿಂದ ತೆಂಗಿನೆಣ್ಣೆಯಲ್ಲಿ ಬೆಳ್ಳುಳ್ಳಿ ಕಾಯುವ ವಾಸನೆ ಬಂತು. ನನ್ನ ಕೈ ತಾನಾಗಿಯೇ ಬಲಗಿವಿಗೆ ಹೋಯಿತು. ಎದುರಿಗೆ ಕೂತಿದ್ದ ಅತ್ತೆಯೂ ಮೂಗರಳಿಸಿ ನನ್ನನ್ನೇ ನೋಡಿದರು.

ಮಗುವಿನ ಅಜ್ಜಿ ಸಣ್ಣ ಬಟ್ಟಲು ಹಿಡಿದುಕೊಂಡು ಬಂದರು. "ಕೂಸು ಎರಡು ದಿನದಿಂದ ಕಿವಿ ಎಳ್ಕೊಳ್ತಾ ಇದೆ. ಬೆಚ್ಚಗೆ ನಾಲ್ಕು ಹನಿ ಬಿಟ್ರೆ ಸರಿ ಆಗ್ತದೆ."

"ಅದನ್ನ ಸಾರಿಗೆ ಒಗ್ಗರಣೆ ಹಾಕು. ಕಿವಿಗೆ ಬೇಡ," ಎಂದರು ಅತ್ತೆ. ಅವರ ದನಿ ದೊಡ್ಡದು. ಅಂಗಳದಲ್ಲಿ ಎಲೆ ಎತ್ತುತ್ತಿದ್ದವರೂ ತಿರುಗಿ ನೋಡಿದರು. "ನಾಳೆ ಬೆಳಿಗ್ಗೆ ತೀರ್ಥಹಳ್ಳಿಗೆ ಕರ್ಕೊಂಡೋಗಿ ಡಾಕ್ಟ್ರಿಗೆ ತೋರ್ಸು."

"ಎಂತ ಅಕ್ಕಾ, ಎಣ್ಣೆ ಬಿಡೋದು ನಮ್ಗೆಲ್ಲ ಕಲ್ಸಿದ್ದು ನೀವೇ ಅಲ್ದಾ?"

"ಹೌದು, ಕಲ್ಸಿದ್ದು ನಾನೇ. ಈಗ ಮರ್ಸೋದೂ ನಾನೇ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಬಸ್ಸಿನಲ್ಲಿ ಹೊಸನಗರಕ್ಕೆ ವಾಪಸು ಬರುವಾಗ ದಾರಿಯುದ್ದಕ್ಕೂ ಆ ವರ್ಷವೇ ಕಣ್ಣ ಮುಂದೆ ಬರುತ್ತಿತ್ತು.

ನನ್ನ ತವರು ಸಾಗರ. ಸಣ್ಣವಳಿದ್ದಾಗ ಒಮ್ಮೆ ಜೋರು ಶೀತವಾಗಿ ಬಲಗಿವಿ ನೋಯತೊಡಗಿತು. ಒಂದು ಬೆಳಿಗ್ಗೆ ಎದ್ದರೆ ದಿಂಬು ಒದ್ದೆ, ನೋವು ಮಾಯ. ನೋವು ಹೋಯಿತಲ್ಲ ಎಂದು ಮನೆಯವರೆಲ್ಲ ಸಮಾಧಾನಪಟ್ಟರು. ಆಮೇಲೆ ಪ್ರತಿ ಮಳೆಗಾಲಕ್ಕೂ ಕಿವಿ ಸೋರುವುದು, ಬಿಸಿಲು ಬಂದ ಮೇಲೆ ನಿಲ್ಲುವುದು ರೂಢಿಯಾಯಿತು. "ಮಳೆಗಾಲದಲ್ಲಿ ಸೋರದೇ ಇರೋ ಮಾಡು ಯಾವ್ದಿದೆ, ಕಿವಿ ಒಂದು ಸೋರಿದ್ರೆ ಏನೀಗ?" ಎನ್ನುತ್ತಿದ್ದಳು ನನ್ನಜ್ಜಿ. ಹತ್ತಿ ಇಟ್ಟುಕೊಂಡು, ಅದರ ಮೇಲೆ ಕೂದಲು ಎಳೆದುಕೊಂಡು ಶಾಲೆಗೆ ಹೋಗುತ್ತಿದ್ದೆ.

ಕಾನ್ವೆಂಟಿನಲ್ಲಿ ನನಗೆ ಶಿಸ್ತಿನ ಬಹುಮಾನ ಬರುತ್ತಿತ್ತು. ಸಿಸ್ಟರ್ ಬೋರ್ಡಿನ ಕಡೆ ತಿರುಗಿದಾಗ ಪಕ್ಕದವಳು ಪಿಸುಗುಟ್ಟಿದರೆ ನಾನು ಉತ್ತರ ಕೊಡುತ್ತಿರಲಿಲ್ಲ. ಅವಳು ಕೂರುತ್ತಿದ್ದುದು ನನ್ನ ಬಲಗಡೆ. "ಎಷ್ಟು ಒಳ್ಳೇ ಹುಡುಗಿ, ತರಗತಿಯಲ್ಲಿ ಮಾತೇ ಆಡಲ್ಲ" ಎಂದು ಸಿಸ್ಟರ್ ನನ್ನ ತಲೆ ಸವರಿದ್ದು ಇನ್ನೂ ನೆನಪಿದೆ. ಮದುವೆಯಾದ ಮೇಲೂ ಈ ಒಳ್ಳೆಯ ಹೆಸರು ಜೊತೆಗೇ ಬಂತು. ಕೇಳಿಸದ ಮಾತಿಗೆಲ್ಲ ನಸುನಕ್ಕು 'ಹೂಂ' ಎನ್ನುವುದನ್ನು ಕಲಿತಿದ್ದೆ. ಹೂಂ ಎನ್ನುವ ಸೊಸೆಯನ್ನು ಯಾರು ತಾನೆ ದೂರುತ್ತಾರೆ?

ಕೊಟ್ಟ ಮನೆ ಬೇರೆ ಅಂಥದ್ದು. ನನ್ನವರದು ಹೊಸನಗರದಲ್ಲಿ ಮೈಕ್ ಸೆಟ್ಟಿನ ಅಂಗಡಿ. ಅಂಗಡಿಯ ಹಿಂದೆಯೇ ಮನೆ. ಮದುವೆ, ಮುಂಜಿ, ಗೃಹಪ್ರವೇಶ, ಸ್ಕೂಲ್ ಡೇ, ಎಲ್ಲಕ್ಕೂ ಇಲ್ಲಿಂದಲೇ ಬಾಕ್ಸು, ಹಾರ್ನು, ವೈರು ಹೋಗುತ್ತಿದ್ದವು. ಬೆಳಿಗ್ಗೆ ಹಾಲು ಕಾಯಿಸುವಾಗಲೇ "ಹಲೋ, ಹಲೋ, ಚೆಕ್" ಶುರುವಾಗುತ್ತಿತ್ತು. ಆ ಸದ್ದಿನ ನಡುವೆ ಬದುಕಿದ ಅತ್ತೆ, ಉಪ್ಪಿನ ಡಬ್ಬಿ ಕೇಳಿದರೂ ಬಸ್ ಸ್ಟ್ಯಾಂಡಿನವರೆಗೆ ಕೇಳಿಸಬೇಕು. ನನ್ನ ಹೆಸರು ಅವರ ಬಾಯಲ್ಲಿ ಬಂದದ್ದೇ ಕಡಿಮೆ. "ಇವ್ಳೇ, ಕುಕ್ಕರ್ ಕೂಗ್ತು!" "ಇವ್ಳೇ, ಬಟ್ಟೆ ತೆಗಿ, ಮಳೆ ಬಂತು!" ಹೀಗೆ ಇಡೀ ಮನೆ ಕೂಗಿ ಮಾತಾಡುತ್ತಿದ್ದುದರಿಂದ ನನ್ನ ಕಿವಿಯ ಸಂಗತಿ ಯಾರಿಗೂ ಗೊತ್ತಾಗಲಿಲ್ಲ. ಸೋರುವುದು ಗೊತ್ತಿತ್ತು. ಕೇಳಿಸುವುದಿಲ್ಲ ಎನ್ನುವುದು ಗೊತ್ತಿರಲಿಲ್ಲ.

ಸೋರುವುದಕ್ಕೆ ಅತ್ತೆಯ ಹತ್ತಿರ ಮದ್ದಿತ್ತು. ಶುಕ್ರವಾರ ಮಧ್ಯಾಹ್ನ ಬೆಳ್ಳುಳ್ಳಿ ಹಾಕಿ ಎಣ್ಣೆ ಕಾಯಿಸಿ, ಹಿತ್ತಿಲ ಬಾಗಿಲಲ್ಲಿ ಚಾಪೆ ಹಾಕಿ, ನನ್ನ ತಲೆಯನ್ನು ತಮ್ಮ ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದರು. ಸರಿಯಿದ್ದ ಎಡಗಿವಿ ಅವರ ಸೀರೆಯ ಮಡಿಕೆಗೆ ಒತ್ತಿಕೊಂಡಿರುತ್ತಿತ್ತು. ಮೇಲಾದ ಬಲಗಿವಿಗೆ ಬೆಚ್ಚನೆಯ ಎಣ್ಣೆ ತುಂಬುತ್ತಿತ್ತು. ಅಲ್ಲಿಗೆ ಲೋಕದ ಬಾಗಿಲು ಹಾಕಿದ ಹಾಗೆ, ಏನೇನೂ ಕೇಳಿಸುತ್ತಿರಲಿಲ್ಲ. ಅತ್ತೆಯ ಬೆರಳು ಕೂದಲಲ್ಲಿ ಆಡುತ್ತಿದ್ದವು. ಅವರ ತೊಡೆ ಸಣ್ಣಗೆ ಗುಂಯ್ ಎಂದು ಅದುರುತ್ತಿತ್ತು. ಏನೋ ಸ್ತೋತ್ರ ಹೇಳಿಕೊಳ್ಳುತ್ತಿದ್ದಾರೆ ಎಂದುಕೊಂಡಿದ್ದೆ. ಆ ಅದುರಿಗೆ ನಿದ್ದೆ ಬರುತ್ತಿತ್ತು. ನಿಜ ಹೇಳಬೇಕೆಂದರೆ, ಎಣ್ಣೆಯಿಂದ ಕಿವಿ ವಾಸಿಯಾಗುವುದಿಲ್ಲ ಎಂಬ ಅನುಮಾನ ನನಗೆ ಬಂದಿತ್ತು. ಆ ಮಡಿಲು ಬೇಕಿತ್ತು, ಅದಕ್ಕೇ ಸುಮ್ಮನಿದ್ದೆ.

ಆ ವರ್ಷ ಮಗಳು ಸಿಂಚನಾ ಎರಡನೇ ಕ್ಲಾಸು. ಜಡಿಮಳೆ ಹಿಡಿದು ಅಂಗಡಿಗೆ ಕೆಲಸವಿಲ್ಲದ ದಿನಗಳು. ಒಂದು ಸಂಜೆ ನಾನು ಒಲೆಯ ಮುಂದೆ ನಿಂತು ದೋಸೆ ಹೊಯ್ಯುತ್ತಿದ್ದೆ. ಮಗಳು ಸ್ಟೂಲು ಹತ್ತಿ, ನನ್ನ ಕುತ್ತಿಗೆಗೆ ಜೋತುಬಿದ್ದು, ಬಲಗಿವಿಗೆ ಬಾಯಿ ಹಚ್ಚಿ ಏನೋ ಪಿಸುಗುಟ್ಟಿದಳು. ಉಸಿರಿನ ಬಿಸಿ ಮಾತ್ರ ತಾಗಿತು. "ಹೂಂ" ಎಂದೆ. ಅವಳು ಕುಣಿಯುತ್ತಾ ಓಡಿದಳು.

ಮರುದಿನ ಶಾಲೆಯಿಂದ ಬಂದವಳು ಚೀಲ ಇಳಿಸಲೂ ಇಲ್ಲ. "ಯಾಕೆ ಬರ್ಲಿಲ್ಲ?"

"ಎಲ್ಲಿಗೆ ಪುಟ್ಟೀ?"

"ನಾಳೆ ಸ್ಕೂಲಲ್ಲಿ ನಾ ಹಾಡ್ತೀನಿ, ಬಾ ಅಂದಿದ್ದೆ. ಅಪ್ಪಂಗೆ ಹೇಳ್ಬೇಡ, ಮೈಕ್ ತಗೊಂಡು ಬಂದ್ಬಿಡ್ತಾರೆ ಅಂದಿದ್ದೆ. ನೀನು ಹೂಂ ಅಂದ್ಯಲ್ಲ!"

ಅವಳು ನನ್ನ ಮುಖವನ್ನೇ ನೋಡುತ್ತಾ ನಿಂತಳು. ಆಮೇಲೆ ಬಲಗಡೆಗೆ ಬಂದು ಸಣ್ಣ ದನಿಯಲ್ಲಿ ಏನೋ ಅಂದಳು, ಎಡಗಡೆಗೆ ಹೋಗಿ ಮತ್ತೆ ಅಂದಳು. ಎಡಗಡೆಯದು ಕೇಳಿಸಿತು: "ಅಮ್ಮಾ, ನಿಂಗೆ ಆ ಸೈಡಿಂದು ಕನೆಕ್ಷನ್ ಹೋಗಿದ್ಯಾ?"

ಮೈಕ್ ಅಂಗಡಿಯ ಮಗಳು. ಒಂದೇ ನಿಮಿಷದಲ್ಲಿ ಕಂಡುಹಿಡಿದಳು. ಕೋಪ ಮಾಡಿಕೊಳ್ಳಲಿಲ್ಲ. ಆದರೆ ಅಂದಿನಿಂದ ನನ್ನ ಹತ್ತಿರ ಅಜ್ಜಿಯಂತೆಯೇ ಕೂಗಿ ಮಾತಾಡಲು ಶುರುಮಾಡಿದಳು. ಶಾಲೆಯಲ್ಲಿ ಯಾರು ಯಾರ ಪೆನ್ಸಿಲ್ ಮುರಿದರು ಎಂಬುದನ್ನೂ ಕೂಗಿಯೇ ಹೇಳುತ್ತಿದ್ದಳು. ಗುಟ್ಟು ಹೇಳುವುದನ್ನು ಬಿಟ್ಟೇಬಿಟ್ಟಳು. ಕೂಗಿ ಹೇಳುವ ಮಾತು ಬೇರೆ, ಕಿವಿಗೆ ಬಾಯಿ ಹಚ್ಚಿ ಹೇಳುವ ಮಾತು ಬೇರೆ. ಆ ಎರಡನೆಯದು ನನಗೆ ಇನ್ನು ಸಿಗುವುದಿಲ್ಲವಲ್ಲ ಎಂದು ತೊಳೆಯುವ ಪಾತ್ರೆಯ ಮುಂದೆ ನಿಂತು ಅತ್ತುಬಿಟ್ಟೆ. ವರ್ಷವರ್ಷವೂ ಸೋರಿದಾಗ ಬಾರದ ಅಳು ಅವತ್ತು ಬಂತು.

ರಾತ್ರಿ ಊಟಕ್ಕೆ ಬಡಿಸುವಾಗ ಹೇಳಿದೆ. "ರೀ, ನಂಗೆ ಬಲಗಿವಿ ಕೇಳ್ಸಲ್ಲ."

"ಯಾವಾಗಿಂದ?"

"ಮೊದ್ಲಿಂದಾನೂ."

ಇವರ ಕೈ ತುತ್ತಿನ ಮೇಲೇ ನಿಂತಿತು. "ಊರಲ್ಲಿ ಯಾವ ಬಾಕ್ಸ್ ಕರಕರ ಅಂದ್ರೂ ರಸ್ತೇಲೇ ನಿಂತು ಹೇಳ್ತೀನಿ ನಾನು. ಮನೇಲಿದ್ದಿದ್ದು ಗೊತ್ತಾಗ್ಲಿಲ್ಲ ನೋಡು," ಎಂದರು, ಅವರ ಮಟ್ಟಿಗೆ ಬಹಳ ಸಣ್ಣ ದನಿಯಲ್ಲಿ.

ಅಲ್ಲಿಯವರೆಗೆ ಮೆಡಿಕಲ್ ಶಾಪಿನಲ್ಲಿ ಕೇಳಿ ಡ್ರಾಪ್ಸ್ ತಂದು ಹಾಕಿಕೊಳ್ಳುತ್ತಿದ್ದೆ. ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು. ಹಿಂದೊಮ್ಮೆ ತೋರಿಸಿದ ಡಾಕ್ಟರು, ಎದ್ದು ಬರುವಾಗ "ನೀರು, ಎಣ್ಣೆ ಹೋಗದ ಹಾಗೆ ನೋಡ್ಕೊಳ್ಳಿ" ಎಂದಿದ್ದರಂತೆ. ಜೊತೆಗಿದ್ದ ತಂಗಿ ಎಷ್ಟೋ ವರ್ಷದ ಮೇಲೆ ಹೇಳಿದಳು. ಅವರು ಕೂತಿದ್ದುದೂ ನನ್ನ ಬಲಗಡೆಗೇ. ಅದಕ್ಕೂ ನಾನು ಹೂಂ ಎಂದು ಬಂದಿರಬೇಕು.

ಈ ಸಲ ಸಾಗರದಲ್ಲಿ ಕಿವಿ, ಮೂಗು, ಗಂಟಲಿನ ಡಾಕ್ಟರ ಹತ್ತಿರವೇ ಹೋದೆವು. ಜೊತೆಗೆ ಅತ್ತೆ ಬಂದರು. ಡಾಕ್ಟರು ನನ್ನ ವಾರಗೆಯ ಹೆಂಗಸು. ಸಣ್ಣ ಕ್ಯಾಮೆರಾದ ಕೊಳವೆಯನ್ನು ಕಿವಿಯೊಳಗೆ ಇಳಿಸಿದಾಗ ಎದುರಿನ ಟೀವಿಯಲ್ಲಿ ಗವಿಯಂಥದ್ದೇನೋ ಕಂಡಿತು. ಗೋಡೆಗೆಲ್ಲ ಜಿಡ್ಡು. ಡಾಕ್ಟರು ಸಣ್ಣ ನಳಿಗೆಯಿಂದ ಎಳೆದು ಎಳೆದು ಕ್ಲೀನ್ ಮಾಡಿದರು. ಕಡೆಗೆ ಚಿಮಟದಲ್ಲಿ ಏನನ್ನೋ ಹಿಡಿದು ಬೆಳಕಿಗೆ ತಂದರು.

"ಇದೇನಮ್ಮಾ, ಬೆಳ್ಳುಳ್ಳಿ ಸಿಪ್ಪೆ! ಕಿವಿಗೆ ಒಗ್ಗರಣೆ ಹಾಕಿದೀರಾ?"

ಅತ್ತೆ ನೆಟ್ಟಗೆ ಕೂತು, "ಎಣ್ಣೆ ಬಿಟ್ಟಿದ್ದು ನಾನು. ತಾಯಿ ದೂರ ಇದಾಳೆ, ಇನ್ಯಾರು ಬಿಡ್ತಾರೆ?" ಎಂದರು. ಹೊರಗೆ ಬೆಂಚಿನ ಮೇಲಿದ್ದವರಿಗೆಲ್ಲ ಕೇಳಿಸಿತು.

ಡಾಕ್ಟರ ನಗು ನಿಂತಿತು. ಟೀವಿಯನ್ನು ಅತ್ತೆಯ ಕಡೆ ತಿರುಗಿಸಿದರು. "ಇಲ್ನೋಡಿ ಅಮ್ಮಾ. ಇದು ಕಿವಿಯ ತಮಟೆ. ಇಲ್ಲಿ ತೂತಾಗಿದೆ. ಮೇಲಿಂದ ಬಿಟ್ಟ ಎಣ್ಣೆ, ಸ್ನಾನದ ನೀರು ಈ ತೂತಿನಿಂದ ಒಳಗೆ ಹೋಗಿ ಕೂರ್ತದೆ. ಒಳಗೆ ಒದ್ದೆ ಇದ್ರೆ ಮತ್ತೆ ಮತ್ತೆ ಸೋರ್ತದೆ. ಮೊದ್ಲು ಒಣಗ್ಬೇಕು. ಒಣಗಿದ ಮೇಲೆ ತೂತು ಮುಚ್ಚೋ ಆಪರೇಷನ್ ಮಾಡ್ಬೋದು."

"ಹಂಗಾರೆ ನಾನೇ ಹಾಳು ಮಾಡ್ದೆ ಅಂತನಾ?"

"ತೂತು ನೀವು ಮಾಡಿದ್ದಲ್ಲ, ಇವ್ರ ಚಿಕ್ಕಂದಿನದು ಅದು. ಇನ್ನು ಎಣ್ಣೆ ಬೇಡ, ಅಷ್ಟೇ."

ಅತ್ತೆ ಟೀವಿಯಲ್ಲಿ ಕಾಣುವ ಆ ಕಪ್ಪು ತೂತನ್ನೇ ನೋಡುತ್ತಿದ್ದರು. ಇಷ್ಟು ದೂರ ಬಂದಿದ್ದೇವೆ, ವರದಹಳ್ಳಿಯ ಗುರುಗಳ ಆಶ್ರಮಕ್ಕೆ ಹೋಗಿಬರೋಣ ಎಂದು ಬೆಳಿಗ್ಗೆಯೇ ಮಾತಾಗಿತ್ತು, ಹೋದೆವು. ತೀರ್ಥದ ನೀರಿನ ಕೆಳಗೆ ಭಕ್ತರು ತಲೆಯೊಡ್ಡಿ ಮೀಯುತ್ತಿದ್ದರು. ಪ್ರತಿಸಲವೂ ನನ್ನನ್ನು ಮುಂದೆ ನೂಕುತ್ತಿದ್ದ ಅತ್ತೆ ಈ ಸಲ ನನ್ನ ತೋಳು ಹಿಡಿದು ಹಿಂದಕ್ಕೆ ಎಳೆದರು. ತಾವೊಬ್ಬರೇ ಹೋಗಿ, ಬೊಗಸೆಯಲ್ಲಿ ನೀರು ತಂದು, ನನ್ನ ಎಡಗಡೆಯ ನೆತ್ತಿಗೆ ಮಾತ್ರ ಚಿಮುಕಿಸಿದರು. "ಬಲಗಡೆದು ಗುರುಗಳು ಹಂಗೇ ನೋಡ್ಕೊಳ್ಳಲಿ," ಎಂದರು. ಡಾಕ್ಟರ ಹತ್ತಿರದಿಂದ ಮನೆ ಸೇರುವವರೆಗೆ ಅವರಾಡಿದ ಮಾತು ಅದೊಂದೇ.

ಆ ಮಳೆಗಾಲ ಪೂರ್ತಿ ನನ್ನ ಕಿವಿ ಒಣಗಿಸುವುದೇ ಮನೆಯ ಕೆಲಸವಾಯಿತು. ಹಾಸಿಗೆಬಟ್ಟೆಯೂ ಒಣಗದ ಕಾಲದಲ್ಲಿ ಒಂದು ಕಿವಿಯನ್ನು ಒಣಗಿಸಬೇಕಿತ್ತು! ಡ್ರಾಪ್ಸ್ ಹಾಕಿಕೊಳ್ಳುವುದು, ಸಾಗರಕ್ಕೆ ಹೋಗಿ ಕ್ಲೀನ್ ಮಾಡಿಸುವುದು, ಬಸ್ಸಿನ ಕಿಟಕಿಯ ಎರಚಲು ತಾಗದಂತೆ ಒಳಗಿನ ಸೀಟು ಹಿಡಿಯುವುದು. ತಲೆಸ್ನಾನದ ದಿನ ಹತ್ತಿಗೆ ವ್ಯಾಸಲೀನ್ ಸವರಿ ಕಿವಿಗೆ ಇಟ್ಟುಕೊಳ್ಳುತ್ತಿದ್ದೆ. ಅತ್ತೆಗೆ ಅದರ ಮೇಲೂ ನಂಬಿಕೆಯಿಲ್ಲ. ಸೀರೆ ಎತ್ತಿಕಟ್ಟಿ ಬಚ್ಚಲಿಗೆ ಬಂದು, ನಾನು ನೀರು ಹೊಯ್ದುಕೊಳ್ಳುವಷ್ಟೂ ಹೊತ್ತು ಬಲಗಿವಿಯನ್ನು ಅಂಗೈಯಿಂದ ಮುಚ್ಚಿಕೊಂಡು ನಿಲ್ಲುತ್ತಿದ್ದರು. "ಇವ್ಳೇ, ಆ ಕಡೆ ವಾಲು! ನನ್ ಮೇಲೆ ಹೊಯ್ದ್ರೂ ಅಡ್ಡಿಲ್ಲ!" ಅರ್ಧ ನೀರು ಅವರ ಮೇಲೇ ಬೀಳುತ್ತಿತ್ತು. ಎಣ್ಣೆ ಬಿಡುತ್ತಿದ್ದ ಕೈ ಅದೇ. ಆದರೆ ಮಡಿಲಿಗೆ ಮಾತ್ರ ಕರೆಯಲಿಲ್ಲ. ಶುಕ್ರವಾರ ಮಧ್ಯಾಹ್ನ ಚಾಪೆ ಸುತ್ತಿಕೊಂಡೇ ಮೂಲೆಯಲ್ಲಿ ನಿಂತಿರುತ್ತಿತ್ತು.

ಗಣಪತಿ ಹಬ್ಬ ಕಳೆದ ಮೇಲೆ ಕಿವಿ ಒಣಗಿತು. ಕಿವಿಗಿಟ್ಟ ಹತ್ತಿ ಒದ್ದೆಯಾಗದೆ ಹೊರಗೆ ಬಂದಾಗ ಅತ್ತೆ ಅದನ್ನು ಬೆಳಕಿಗೆ ಹಿಡಿದು ನೋಡಿದರು. ಸಿಂಚನಾ ಬಂದು ಬಲಗಿವಿಗೆ ಏನೋ ಊದಿ, "ಕೇಳ್ತಾ?" ಎಂದು ಕೂಗಿದಳು. ಇಲ್ಲ. ಸೋರುವುದಷ್ಟೇ ನಿಂತಿತ್ತು. ಆಪರೇಷನ್ ಮಾಡಿಸಿದರೆ ಕೇಳುವುದೂ ಸುಧಾರಿಸಬಹುದು ಎಂದು ಡಾಕ್ಟರು ಹೇಳಿದ್ದರು. ಆದರೆ ನನಗೆ ಹೆದರಿಕೆ ಹುಟ್ಟಿಕೊಂಡಿತ್ತು. ಬಾಯಿ ಸೊಟ್ಟಗಾಗುತ್ತದಂತೆ, ತಲೆ ತಿರುಗುವುದು ನಿಲ್ಲುವುದೇ ಇಲ್ಲವಂತೆ, ಹೀಗೆ ಕೇರಿಯವರು ಆಡಿದ ಮಾತೆಲ್ಲ ಎಡಗಿವಿಗೆ ಚೆನ್ನಾಗಿ ಕೇಳಿಸಿತ್ತು. ಇವರ ಜೊತೆ ಹೋಗಿ ಡಾಕ್ಟರನ್ನು ಕೇಳಿದರೆ, ಚಿತ್ರ ಬರೆದು ತೋರಿಸಿ, ಅಂಥ ತೊಂದರೆ ಬಹಳ ಅಪರೂಪ ಎಂದು ವಿವರಿಸಿದರು. ಹೂಂ ಎಂದೆ. ಮನೆಗೆ ಬಂದು, "ಒಣಗಿತಲ್ಲ, ಸಾಕು ಬಿಡಿ" ಎಂದೆ.

ಇವರು ವಾದ ಮಾಡಲಿಲ್ಲ. ಒಂದು ಮಧ್ಯಾಹ್ನ ಅಂಗಡಿಗೆ ಕರೆದರು. ಹಬ್ಬದಲ್ಲಿ ಹರಿದು ಬಂದ ಸ್ಪೀಕರೊಂದು ಮೇಜಿನ ಮೇಲಿತ್ತು. ಹಾಡು ಹಾಕಿದರೆ ಪರಪರ ಎನ್ನುತ್ತಿತ್ತು. ಅದರ ಕಪ್ಪು ಕಾಗದದ ಕೋನಿನಲ್ಲಿ ಉಗುರಿನಷ್ಟು ಹರಿದಿತ್ತು. ಇವರು ಮೊದಲು ಬ್ರಷ್ಷಿನಿಂದ ಧೂಳು ತೆಗೆದರು. ತೆಳ್ಳನೆಯ ಕಾಗದ ಕತ್ತರಿಸಿ, ನೀರಾದ ಗಮ್ಮಿನಲ್ಲಿ ಅದ್ದಿ, ಉಸಿರು ಬಿಗಿಹಿಡಿದು ಹರುಕಿನ ಮೇಲೆ ಕೂರಿಸಿದರು.

"ದಪ್ಪ ಕಾಗದ ಹಾಕಿದ್ರೆ ಕೋನ್ ಅಲ್ಲಾಡಲ್ಲ, ಸೌಂಡ್ ಬರಲ್ಲ. ಜಿಡ್ಡಿದ್ರೆ ಹಿಡಿಯೋದೇ ಇಲ್ಲ. ಎಣ್ಣೆ ಹೊಯ್ದ ಸ್ಪೀಕರ್ ಯಾರಾದ್ರೂ ತಂದಿದ್ರೆ ಅಂಗಡಿ ಮೆಟ್ಲು ಹತ್ತಿಸ್ತಿರ್ಲಿಲ್ಲ ನಾನು," ಎಂದು ಒಳಗಿನ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಈಗ ಒಣಗೋ ತನಕ ಮುಟ್ಬಾರ್ದು. ಡಾಕ್ಟ್ರು ಚಿತ್ರ ಬರ್ದು ತೋರ್ಸಿದಾಗ ನಂಗೆ ಇದೇ ಕಂಡಿದ್ದು ಮಾರಾಯ್ತಿ. ನಂದು ಕಾಗದ, ಅವ್ರದ್ದು ನಿನ್ನ ಕಿವಿ ಹಿಂದಿಂದ ತೆಗೆದು ಹಚ್ಚೋ ಪೊರೆ. ನಾನು ಓದ್ದೇ ಇದನ್ನ ಮಾಡ್ತೀನಿ, ಅವ್ರು ಅಷ್ಟು ಓದಿದಾರೆ."

ಮರುದಿನ ಆ ಸ್ಪೀಕರಿನಲ್ಲಿ ಕೊಳಲು ಹಾಕಿದರು. ಪರಪರ ಇರಲಿಲ್ಲ. ಸಿಂಚನಾ ಅದರ ಮುಂದೆ ಕೂತು ಹಚ್ಚಿದ ಕಾಗದದ ಮೇಲೆ ಬೆರಳಿಟ್ಟು, "ಅಪ್ಪಾ, ಕಚಗುಳಿ!" ಎಂದಳು. ನಾನು ಇವರ ಕಡೆ ತಿರುಗಿ, ಆಪರೇಷನ್ನಿಗೆ ಹೂಂ ಎಂದೆ. ಈ ಸಲ ಅರ್ಥಮಾಡಿಕೊಂಡು ಎಂದ ಹೂಂ.

ಚಳಿ ಶುರುವಾದಾಗ ಶಿವಮೊಗ್ಗದಲ್ಲಿ ಆಪರೇಷನ್ ಆಯಿತು. ಎಚ್ಚರವಾದ ಕೂಡಲೇ ಕನ್ನಡಿ ಕೇಳಿದೆ. ಬಾಯಿ ನೆಟ್ಟಗಿತ್ತು. ತಲೆಗೆ ರುಮಾಲಿನಂತೆ ಬಿಳಿ ಪಟ್ಟಿ. "ಯಜಮಾನ್ರ ಹಂಗೆ ಕಾಣ್ತೀಯ," ಎಂದರು ಅತ್ತೆ, ಮಂಚದ ಪಕ್ಕದಲ್ಲಿ ಕಿತ್ತಳೆ ಸುಲಿಯುತ್ತಾ. ಕೂಗಲಿಲ್ಲ. ಅವರಿಗೆ ಸಣ್ಣ ದನಿಯೂ ಇದೆ ಎಂದು ನನಗೆ ಗೊತ್ತಾದದ್ದು ಅವತ್ತೇ.

ಭಾರ ಎತ್ತಬಾರದು, ಜೋರಾಗಿ ಸಿಂಬಳ ತೆಗೆಯಬಾರದು, ಸೀನು ಬಂದರೆ ಬಾಯಿ ತೆರೆದೇ ಸೀನಬೇಕು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಘಾಟಿಗೆ ಸೀನು ಬಂದೀತೆಂದು ಅತ್ತೆ ಒಣಮೆಣಸಿನ ಒಗ್ಗರಣೆ ನಿಲ್ಲಿಸಿಬಿಟ್ಟರು. ಸದ್ದಿನ ವಿಷಯ ಡಾಕ್ಟರು ಏನೂ ಹೇಳಿರಲಿಲ್ಲ. ಆದರೂ ದೊಡ್ಡ ಸದ್ದಿಗೆ ಅಂಟಿಸಿದ್ದು ಕಿತ್ತುಬಂದರೆ ಎಂದು ಮೂವರೂ ತಾವೇ ತೀರ್ಮಾನಿಸಿದರು. ಇವರು "ಹಲೋ ಚೆಕ್" ಮಾಡಲು ಬಾಕ್ಸು ಹೊತ್ತು ಮೈದಾನಕ್ಕೆ ಹೋದರು. ಸಿಂಚನಾ ತುದಿಗಾಲಲ್ಲಿ ನಡೆದಳು. ಅತ್ತೆ ಉಪ್ಪಿನ ಡಬ್ಬಿಯನ್ನು ಎದ್ದು ಹೋಗಿ ತಾವೇ ತಂದುಕೊಂಡರು. ಎದುರುಮನೆಯವರು ಬಂದು, "ಎಂತ, ಅಂಗಡಿ ಮುಚ್ಚಿದ್ರಾ? ಮನೇಲಿ ಎಲ್ರೂ ಆರಾಮಿದೀರಾ?" ಎಂದು ವಿಚಾರಿಸಿಕೊಂಡು ಹೋದರು.

ಕಿವಿಯೊಳಗಿನ ಪ್ಯಾಕ್ ತೆಗೆದ ದಿನ ಲೋಕವೇನೂ ಒಮ್ಮೆಗೇ ತೆರೆದುಕೊಳ್ಳಲಿಲ್ಲ. ದೂರದಲ್ಲಿ ಯಾರೋ ಕಾಗದ ಮಡಚಿದಂಥ ಸದ್ದು, ಅಷ್ಟೇ. ಆಮೇಲಾಮೇಲೆ ಒಂದೊಂದಾಗಿ ಬಂದವು: ಬಲಗಡೆ ಬಿದ್ದ ಚಮಚ, ಬಾಗಿಲಿನ ಕಿರುಗುಡುವಿಕೆ, ನನ್ನದೇ ಬಳೆ. ಪೂರ್ತಿ ಎಡಗಿವಿಯಷ್ಟು ಇಂದಿಗೂ ಇಲ್ಲ. ಸಾಗರದಲ್ಲಿ ಪರೀಕ್ಷೆ ಮಾಡಿ, "ಚೆನ್ನಾಗಿ ಹಿಡ್ಕೊಂಡಿದೆ" ಎಂದರು ಡಾಕ್ಟರು. ಇವರು ಹೊರಗೆ ಬಂದು ಸ್ಪೀಕರಿಗೆ ಹೇಳುವ ಹಾಗೆಯೇ "ಕ್ಲಿಯರ್!" ಎಂದರು.

ಒಂದು ಸಂಜೆ ಸಿಂಚನಾ ಸ್ಟೂಲು ಹತ್ತಿ ಬಲಗಿವಿಗೆ ಬಾಯಿ ತಂದಳು. "ಅಮ್ಮಾ, ಅಜ್ಜಿ ಕದ್ದು ನಿಪ್ಪಟ್ಟು ತಿಂದ್ರು."

"ಎಷ್ಟು ತಿಂದ್ರು?" ಎಂದೆ.

ಅವಳು ಇಳಿದು ಓಡಿದಳು. ಅಂಗಡಿಯವರೆಗೂ ಕೂಗಿಕೊಂಡೇ ಹೋದಳು. ನಾನು ಒಲೆ ಆರಿಸಿ ಸೆರಗಿನಿಂದ ಕಣ್ಣೊರೆಸಿಕೊಂಡೆ. ನನಗೆ ಬೇಕಾಗಿದ್ದದ್ದು ಸಿಕ್ಕಿತ್ತು. ಇನ್ನೂ ಒಂದು ಬಾಕಿ ಇತ್ತೆಂದು ಗೊತ್ತಿರಲಿಲ್ಲ.

ಬೇಸಗೆ ಕಾಲಿಡುತ್ತಿದ್ದಾಗಿನ ಒಂದು ಶುಕ್ರವಾರ. ಇವರು ಮದುವೆಮನೆಗೆ ಬಾಕ್ಸು ಹೊತ್ತು ಹೋಗಿದ್ದರು, ಮಗಳು ಶಾಲೆಯಲ್ಲಿ. ಅತ್ತೆ ಹಿತ್ತಿಲ ಬಾಗಿಲಲ್ಲಿ ಚಾಪೆ ಬಿಡಿಸಿದರು. "ಇವ್ಳೇ, ಬಾ. ಹೊಲಿಗೆ ಹಾಕಿದ್ದು ಹೆಂಗಾಗಿದೆ ನೋಡ್ತೀನಿ. ಎಣ್ಣೆ ಇಲ್ಲ, ಹೆದರ್ಬೇಡ."

ಮಡಿಲಲ್ಲಿ ತಲೆಯಿಟ್ಟೆ. ಎಡಗಿವಿ ಕೆಳಗೆ, ಬಲಗಿವಿ ಮೇಲೆ, ಎಂದಿನಂತೆ. ಕಿವಿಯ ಹಿಂದಿನ ಗೆರೆಯ ಮೇಲೆ ಅವರ ಬೆರಳು ಮೆಲ್ಲಗೆ ಓಡಾಡಿತು. ಆಮೇಲೆ ಕೂದಲಿಗೆ ಹೋಯಿತು. ಕಣ್ಣು ಮುಚ್ಚಿದೆ. ತೊಡೆ ಸಣ್ಣಗೆ ಗುಂಯ್ ಎಂದು ಅದುರತೊಡಗಿತು.

ಸ್ತೋತ್ರವಾಗಿರಲಿಲ್ಲ ಅದು.

"...ಇವತ್ತು ಸಾರಿಗೆ ಹುಳಿ ಜಾಸ್ತಿ ಆಗಿತ್ತು, ನೀ ಏನೂ ಅನ್ಲಿಲ್ಲ. ನೀ ಯಾವತ್ತೂ ಏನೂ ಅನ್ನಲ್ಲ. ನಂಗೂ ಸೊಸೆ ಅಂತ ಬಂದಾಗ ಹಿಂಗೇ ತಲೆ ಇಡಕ್ಕೆ ಒಂದು ಮಡ್ಲು ಬೇಕಿತ್ತು, ಇರ್ಲಿಲ್ಲ..." ಮಾತು ನಿಂತಿತು. ಬೆರಳೂ ನಿಂತಿತು. "ಮಗಾ, ನಿದ್ದೆ ಬಂತನೇ?"

ಇಷ್ಟು ವರ್ಷ ಶುಕ್ರವಾರ ಶುಕ್ರವಾರ ಕಿವಿ ತುಂಬಾ ಎಣ್ಣೆ ಬಿಟ್ಟು, ಆ ಎಣ್ಣೆಯ ಮೇಲೆ ಅತ್ತೆ ಆಡುತ್ತಿದ್ದ ಮಾತು ಇದು. ಎಲ್ಲರ ಎದುರಿಗೆ 'ಇವ್ಳೇ' ಎಂದು ಕೂಗುವವರು ಇಲ್ಲಿ ನನ್ನನ್ನು 'ಮಗಾ' ಎನ್ನುತ್ತಿದ್ದರು.

ಕೇಳಿಸಿತು, ಸ್ಪಷ್ಟವಾಗಿ ಕೇಳಿಸಿತು. ಆದರೂ ಹೂಂ ಎನ್ನಲಿಲ್ಲ. ಉಸಿರು ಬಿಗಿಹಿಡಿದು, ಕಣ್ಣು ಮುಚ್ಚಿಕೊಂಡೇ ಮಲಗಿದ್ದೆ, ಇನ್ನೊಮ್ಮೆ ಕರೆಯಲಿ ಎಂದು.